ಇಸ್ತ್ರಿ ಮೇಜಿನ ಇಟಾಲಿಯನ್

ಇಸ್ತ್ರಿ ಅಂಗಡಿಯ ಮೇಲಿನ ಕೋಣೆ,
ಹನ್ನೆರಡನೇ ತಾರೀಖು, ಗುರುವಾರ

ನನ್ನವರಿಗೆ ಪ್ರೀತಿಯ ನೆನಪುಗಳು,

ಬೆನ್ನುನೋವು ಈಗ ಹೇಗಿದೆ? ಇಟಲಿಯ ಆ ಹೋಟೆಲಿನಲ್ಲಿ ಬಗ್ಗಿ ಬಗ್ಗಿ ಪಾತ್ರೆ ತೊಳೆದು ಸೊಂಟ ಹಿಡಿದುಕೊಂಡಿದೆ ಎಂದಿದ್ದಿರಿ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಿಮಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ, ಆದರೂ ಹೇಳುತ್ತೇನೆ. ಇಲ್ಲಿ ನಾನೂ ನಿಮ್ಮಕ್ಕನೂ ಕೈಕಾಲು ಗಟ್ಟಿಯಾಗಿದ್ದೇವೆ. ಮನಸ್ಸಿನ ಮಾತು ಬೇರೆ.

ವೀಸಾದ ಭಾಷಾ ಪರೀಕ್ಷೆಗೆ ನಾನು ಓದಿದ್ದೆಲ್ಲ ಅಂಗಡಿಯಲ್ಲೇ, ಬಟ್ಟೆ ಇಸ್ತ್ರಿ ಮಾಡುತ್ತಾ. ನಾನು ಎಲ್ಲವನ್ನೂ ಒಂದೇ ಸಮನೆ ಹೇಳುತ್ತೇನೆಂದು ಇಟಾಲಿಯನ್ ಮೇಷ್ಟ್ರಿಗೆ ಬೇಸರ. ಮಾತನ್ನು ತುಂಡು ಮಾಡಿ, ಒಂದು ತುಂಡಿನ ಮೇಲೆ ಭಾರ ಹಾಕಬೇಕಂತೆ. 'ವಾಸಿಸುತ್ತೇನೆ' ಎನ್ನಲು ಆ-ಬಿ-ತೊ, ಭಾರ 'ಆ' ಮೇಲೆ. 'ವಾಸಿಸುತ್ತಾರೆ' ಎಂದರೆ ಆ-ಬಿ-ತ-ನೊ, ಉದ್ದವಾದರೂ ಭಾರ ಅಲ್ಲೇ. 'ವಾಸಿಸುತ್ತೇವೆ' ಎನ್ನುವಾಗ ಅದು ಮುಂದಕ್ಕೆ ಜಾರಿ ಅ-ಬಿ-ತ್ಯಾ-ಮೊ. ನನ್ನ ತಲೆಗೆ ಹತ್ತಲೇ ಇಲ್ಲ. ದಾರಿ ಹುಡುಕಿದ್ದು ನಿಮ್ಮಕ್ಕ. ಒಂದೊಂದು ತುಂಡಿಗೂ ಇಸ್ತ್ರಿಪೆಟ್ಟಿಗೆ ಸರಿಸುವುದು, ಭಾರ ಬೀಳುವಲ್ಲಿ ಒತ್ತಿ ಹಿಡಿಯುವುದು. ಹಾಗೆ ಒತ್ತಿ ಒತ್ತಿಯೇ ವಕೀಲರ ಬಿಳಿ ಅಂಗಿಯ ಬೆನ್ನು ಸುಟ್ಟರು. ಮಾಲೀಕರಿಂದ ಬೈಸಿಕೊಂಡು ಬಂದವರೇ "ಪಾಠ ಬಂತಲ್ಲ, ಬಿಡು" ಎಂದು ನಕ್ಕರು. ಈಗ ನನಗಿಂತ ಚೆನ್ನಾಗಿ ಹೇಳುತ್ತಾರೆ.

ನನಗೆ ನೆರವಾಗಲು ಕಲಿಯುತ್ತಿದ್ದಾರೆ ಎಂದುಕೊಂಡಿದ್ದೆ. ಹೋದ ವಾರ ಕಾಲರು ಮಡಿಸುತ್ತಾ, "ಪರೀಕ್ಷೇಲಿ ಮೊದಲು ನಿನ್ನ ಕರೀತಾರಾ, ನನ್ನ ಕರೀತಾರಾ?" ಎಂದು ಕೇಳಿದರು. ಹೊರಡುವಾಗ ನೀವು "ಎಲ್ಲರನ್ನೂ ಕರೆಸ್ಕೋತೀನಿ" ಎಂದಿರಲ್ಲ, ಅವರು ಅದನ್ನೇ ನಂಬಿ ಕೂತಿದ್ದಾರೆ. ತಾಯಿಯಿಲ್ಲದ ನಿಮ್ಮನ್ನು ಸೊಂಟದ ಮೇಲಿಟ್ಟುಕೊಂಡು ಕೆಲಸಕ್ಕೆ ನಿಂತವರು, ಮತ್ತೇನು ಅಂದುಕೊಳ್ಳಬೇಕಿತ್ತು? ಅರ್ಜಿ ನನ್ನೊಬ್ಬಳದೇ ಎಂದು ಹೇಳಲು ಬಾಯಿ ಬರಲಿಲ್ಲ. ಗಂಜಿಪುಡಿ ತರುತ್ತೇನೆಂದು ಸುಳ್ಳು ಹೇಳಿ ಪರೀಕ್ಷೆಗೆ ಹೋಗಿಬಂದೆ. ಅಂದಿನಿಂದ ಅವರ ಮುಖ ನೋಡಲು ಆಗುತ್ತಿಲ್ಲ. ನಿಮ್ಮ ಮೇಲೆ ಸಿಟ್ಟೂ ಬರುತ್ತದೆ, ಮುಚ್ಚಿಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಕ್ಕ ನಿಮಗೆ ಆಶೀರ್ವಾದ ತಿಳಿಸಿದ್ದಾರೆ.

ನಿಮ್ಮ,
ಇವಳು

ಮರೆತಿದ್ದೆ: ನಾನು ಪಾಸಾಗಿದ್ದೇನೆ. ವೀಸಾ ಕಚೇರಿಯ ಕಿಟಕಿಯಲ್ಲಿ ಅಕ್ಕನ ವಿಷಯ ಕೇಳಿದೆ, ಅವರ ಲೆಕ್ಕದಲ್ಲಿ ಅಕ್ಕ ಕುಟುಂಬಕ್ಕೆ ಸೇರುವುದಿಲ್ಲವಂತೆ. ಇದೊಂದೂ ತಿಳಿಯದ ಅಕ್ಕ ಇವತ್ತು ಮಧ್ಯಾಹ್ನ ತಾವಾಗಿಯೇ ಮಾಲೀಕರ ಬಳಿ ಹೋಗಿ, ಇಟಲಿಗೆ ಹೊರಟಿದ್ದೇನೆ, ಕೆಲಸ ಬಿಡುತ್ತೇನೆ ಎಂದು ಹೇಳಿ ಬಂದಿದ್ದಾರೆ, ಅವರ ಜಾಗಕ್ಕೆ ಬೇರೆಯವರೂ ಗೊತ್ತಾಗಿದ್ದಾರೆ. ನನ್ನ ಕೈಲಿ ಆಗುವುದಿಲ್ಲ. ನೀವೇ ಫೋನ್ ಮಾಡಿ, ನಿಮ್ಮ ಬಾಯಿಂದಲೇ ಅವರಿಗೆ ಹೇಳಿ.