ಹಸಿರು ಹಿಂಬದಿ ಸೀಟು

ಫ್ಲಿಂಟ್, ಮಿಷಿಗನ್
೧೪ ನವೆಂಬರ್ ೧೯೯೯

ಪ್ರೀತಿಯ ಒಡೆಸ್ಸಾ,

ಅಲಬಾಮಾದ ಬಿಸಿಲಿಗೆ ನಿನ್ನ ಮಂಡಿನೋವು ಇಳಿದಿದೆ ಎಂದುಕೊಂಡಿದ್ದೇನೆ. ಈಸ್ಟರ್‌ಗೆ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಮೊದಲು ಬೈದು ಮುಗಿಸು, ಆಮೇಲೆ ಓದು. ಈ ಏಳು ತಿಂಗಳು ನಾನು ನೆಲಮಾಳಿಗೆಯಲ್ಲಿ ಕೂತು ಅಂಗೈಯಗಲದ ಕಾರು ಕಟ್ಟುತ್ತಿದ್ದೆ. ನಗಬೇಡ ಕಣೇ.

ನನ್ನ ಯಜಮಾನ ಕ್ಯಾಸ್‌ನ ಹುಚ್ಚು ನಿನಗೆ ಗೊತ್ತಲ್ಲ. ಯಾರೋ ಅರ್ಧ ಕಟ್ಟಿ ಬಿಸಾಕಿದ, ಅಂಟು ಮೆತ್ತಿದ ಹಳೆಯ ಪ್ಲಾಸ್ಟಿಕ್ ಕಾರಿನ ಕಿಟ್‌ಗಳನ್ನು ಸಂತೆಯಿಂದ ಹೊತ್ತು ತರುತ್ತಿದ್ದ. "ಒಂದು ಭಾಗ ಇಲ್ಲ ಕಣೇ, ಸಿಕ್ಕಿದ ತಕ್ಷಣ ಮುಗಿಸ್ತೀನಿ" ಎನ್ನುತ್ತಿದ್ದ. ಮುಗಿಸಿದ್ದು ಒಂದೂ ಇಲ್ಲ. ಕೊನೆಕೊನೆಗೆ ನನ್ನ ಬೀಟ್‌ರೂಟ್ ಸೂಪನ್ನೂ ಅರ್ಧಕ್ಕೇ ಬಿಡುತ್ತಿದ್ದ ಮಹಾರಾಯ. ಅವನು ತೀರಿಹೋಗಿ ಎರಡು ವರ್ಷವಾಯಿತು, ಉಳಿದಿದ್ದು ನಲವತ್ತೊಂದು ಪೆಟ್ಟಿಗೆ.

ಏಪ್ರಿಲ್‌ನಲ್ಲಿ ಅವನ ಪುಟ್ಟ ಕಾರು ಕಟ್ಟುವವರ ಕ್ಲಬ್ಬಿನ ಲೈಲ್ ಬಂದ. ಕಾಫಿ ಕುಡಿದ, ಎರಡು ತುಂಡು ಕೇಕ್ ತಿಂದ, ಆಮೇಲೆ ಬಾಯಿಬಿಟ್ಟ: "ರೀ ಬರ್ನಿಸ್, ಆ ಪೆಟ್ಟಿಗೆಗಳನ್ನ ನಮಗೇ ಕೊಟ್ಬಿಡಿ. ಬಂಪರು, ಚಕ್ರ ಎಲ್ಲ ಬಿಚ್ಚಿ ಹಂಚ್ಕೊಳ್ತೀವಿ. ಹೇಗೂ ಅದ್ರಲ್ಲಿ ಯಾವುದೂ ಕಾರಾಗೋದಿಲ್ಲ."

ಮೈಯೆಲ್ಲ ಉರಿದುಹೋಯಿತು. ಕ್ಯಾಸ್‌ನ ಕೋಟುಗಳನ್ನು ಚರ್ಚಿಗೆ ಕೊಟ್ಟಾಗಲೂ ನನಗೆ ಹೀಗಾಗಿರಲಿಲ್ಲ. "ನವೆಂಬರ್ ಪ್ರದರ್ಶನಕ್ಕೆ ಇದರಲ್ಲೊಂದನ್ನ ಕಾರು ಮಾಡಿ ನಿಮ್ಮ ಮೇಜಿನ ಮೇಲೆ ಇಡ್ತೀನಿ. ಇಡದಿದ್ರೆ ಎಲ್ಲವನ್ನೂ ಹೊತ್ಕೊಂಡು ಹೋಗಿ" ಎಂದೆ.

"ನೀವಾ?" ಎಂದ. ಆ "ನೀವಾ"ದ ಸಿಟ್ಟಿನಲ್ಲೇ ಏಳು ತಿಂಗಳು ಕಳೆದೆ.

ಆರಿಸಿಕೊಂಡದ್ದು ಎಪ್ಪತ್ತೆರಡನೇ ಇಸವಿಯ ಕೆಂಪು ಕಾರು, ಫ್ಯಾಕ್ಟರಿಯಲ್ಲಿ ನೀನೂ ನಾನೂ ಸೀಟು ಕೂರಿಸುತ್ತಿದ್ದ ಅದೇ ಮಾದರಿ. ಉಪ್ಪಿನಕಾಯಿ ಭರಣಿಗೆ ಬ್ರೇಕ್ ಆಯಿಲ್ ಸುರಿದು, ಅದರಲ್ಲಿ ನೆನೆಹಾಕಿ ಹಳೆಯ ಬಣ್ಣ ಬಿಡಿಸಿದೆ. ಒಡೆದುಹೋಗಿದ್ದ ಹೆಡ್‌ಲೈಟಿಗೆ ಬ್ಲೌಸಿನ ಗಾಜಿನ ಗುಂಡಿ ಹಾಕಿದೆ. ಹಿಂಬದಿ ಸೀಟು ಇರಲಿಲ್ಲ, ಬೇರೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಹಸಿರಿನದು. ಕೆಂಪು ಬಳಿಯೋಣವೆಂದು ಕುಂಚ ಎತ್ತಿದವಳಿಗೆ ಆ ಶುಕ್ರವಾರ ನೆನಪಾಯಿತು. ಕುಂಚ ಕೆಳಗಿಟ್ಟು, ಹಸಿರನ್ನೇ ಕೂರಿಸಿದೆ.

ನಿನ್ನೆ ಪ್ರದರ್ಶನ. ಫ್ಯಾಕ್ಟರಿಯಿಂದ ಹೊರಬಿದ್ದಂತೆಯೇ ಕಾರು ಇರಬೇಕು ಎಂಬುದು ಅವರ ನಿಯಮ. ಲೈಲ್ ಸಣ್ಣ ಟಾರ್ಚ್ ಬಿಟ್ಟು ಒಳಗೆ ಇಣುಕಿದ. "ಮುಂದೆ ಕೆಂಪು, ಹಿಂದೆ ಹಸಿರು! ಇಂಥದ್ದೊಂದು ಕಾರು ಫ್ಯಾಕ್ಟರಿ ಗೇಟು ದಾಟಿದ್ದೇ ಇಲ್ಲ ರೀ. ಮೇಜಿನಿಂದ ತೆಗೀರಿ."

"ದಾಟಿದೆ!" ಎಂದೆ, ಇಡೀ ಹಾಲಿಗೆ ಕೇಳುವಂತೆ. "ಶುಕ್ರವಾರ, ಎರಡನೇ ಪಾಳಿ. ಕೆಂಪು ಸೀಟು ಖಾಲಿ, ಲೈನು ನಿಲ್ಲಿಸೋ ಹಾಗಿಲ್ಲ. 'ಕೈಗೆ ಸಿಕ್ಕಿದ್ದು ತುರುಕ್ರೇ' ಅಂದ ಫೋರ್‌ಮನ್. ಬಲಗಡೆ ನಾನು ಹಿಡಿದೆ, ಎಡಗಡೆ ಒಡೆಸ್ಸಾ. ಹನ್ನೊಂದು ಕಾರು ಹಾಗೇ ಹೋದ್ವು. ಆಗ ನೀವೆಲ್ಲಿದ್ರಿ ಲೈಲ್?"

ಆಗ ಅವನು ಬ್ಯಾಂಕಿನಲ್ಲಿ ಗುಮಾಸ್ತ. ಫ್ಯಾಕ್ಟರಿಯ ಬಣ್ಣದ ವಿಭಾಗದಲ್ಲಿ ದುಡಿದಿದ್ದ ಮುದುಕನೊಬ್ಬ ಹಿಂದಿನಿಂದ ಕೂಗಿದ: "ನಿಜ ಮಾರಾಯ! ಅದರಲ್ಲೊಂದನ್ನ ನನ್ನ ಭಾವನ ತಲೆಗೇ ಕಟ್ಟಿದ್ರು!" ಹಾಲಿಗೆ ಹಾಲೇ ಗೊಳ್ಳೆಂದಿತು. ಬಹುಮಾನ ಬರಲಿಲ್ಲ, ಹೋದರೆ ಕತ್ತೆ ಬಾಲ. ಸಂಜೆಯವರೆಗೂ ಕಾರನ್ನು ಮೇಜಿನಿಂದ ಯಾರೂ ಅಲುಗಾಡಿಸಲಿಲ್ಲ.

ಇನ್ನೂ ನಲವತ್ತು ಪೆಟ್ಟಿಗೆ ಇವೆ, ಯಾರು ಮುಟ್ಟುತ್ತಾರೋ ನೋಡಿಯೇಬಿಡುತ್ತೇನೆ. ನಿನ್ನ ಮಂಡಿಗೆ ದೇವರು ಬಲ ಕೊಡಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳುವಂತಾಗಲಿ.

ಎಂದೆಂದೂ ನಿನ್ನ ಬಲಗಡೆಯವಳು,
ಬರ್ನಿಸ್

ಮತ್ತೆ: ಇದನ್ನು ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಕ್ಯಾಸ್‌ನ ಮೊಳೆ ಡಬ್ಬಿಗಳ ಹಿಂದೆ ಒಂದು ಕಾಫಿ ಡಬ್ಬಿ ಸಿಕ್ಕಿತು. ಒಳಗೆ ನಲವತ್ತೊಂದು ಪುಟ್ಟ ಲಕೋಟೆ, ಒಂದೊಂದರಲ್ಲೂ ಒಂದೊಂದು ಕಾರಿನ 'ಇಲ್ಲದ' ಭಾಗ. ಕೆಂಪು ಸೀಟೂ ಇತ್ತು. ಎಲ್ಲವನ್ನೂ ತೆಗೆದು ಬಚ್ಚಿಟ್ಟವನು ಅವನೇ. ಲಕೋಟೆಯ ಮೇಲೆ ಅವನು ಬರೆದ ಅಂಕಿಗಳು ಮೊದಮೊದಲು ಸ್ವಲ್ಪ ಸೊಟ್ಟ, ಕೊನೆಯವನ್ನಂತೂ ಓದಲೂ ಆಗುವುದಿಲ್ಲ. ಅವನ ಕೈ ನಡುಗುತ್ತಿತ್ತು, ಒಡೆಸ್ಸಾ. ಅಂಟು ಹಚ್ಚಲಾಗುತ್ತಿರಲಿಲ್ಲ, ಸೂಪಿನ ಚಮಚ ಬಾಯಿಗೆ ಒಯ್ಯಲಾಗುತ್ತಿರಲಿಲ್ಲ. ನಾನು ಎಲ್ಲರೆದುರಿಗೆ "ಒಂದನ್ನಾದ್ರೂ ಮುಗಿಸೋ ಗಂಡಸೇ" ಎಂದು ನಗುತ್ತಿದ್ದೆ. ಅವನೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಗುತ್ತಿದ್ದ.

ಕೆಂಪು ಸೀಟನ್ನು ಲಕೋಟೆಗೇ ಹಾಕಿ ಮುಚ್ಚಿದ್ದೇನೆ, ಹಸಿರು ಹಾಗೇ ಇರುತ್ತದೆ. ಕ್ಯಾಸ್ ಯಾಕೆ ಮುಗಿಸಲಿಲ್ಲ ಎಂದು ಯಾರಾದರೂ ಕೇಳಿದರೆ, ಒಂದು ಭಾಗ ಇರಲಿಲ್ಲ, ಅಷ್ಟೇ. ನಾನು ಸಾಯುವವರೆಗೂ ಹಾಗೇ ಹೇಳುತ್ತೇನೆ. ನೀನೂ ಹಾಗೇ ಹೇಳಬೇಕು.