ಪ್ರಾಸ ಹಾಕಿ ಓದಿದ ಕಾಗದ

ಸರಗೂರು, ೧೯೫೬

ಅಳಿಯ ಬೆಟ್ಟಸ್ವಾಮಿ,

ಲಂಡನ್ನಿನಿಂದ ನೀನು ಬರೆದ ಕಾಗದವನ್ನು ಇವತ್ತು ನಿನ್ನವ್ವನಿಗೆ ಓದಿ ಹೇಳಿದೆ. ಹಾಸ್ಟೆಲಿನವರು ನಗುತ್ತಾರೆಂದು ಕೊರಳಿನ ಲಿಂಗ ತೆಗೆದು ಪೆಟ್ಟಿಗೆಯಲ್ಲಿಟ್ಟೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆಯಲ್ಲ, ಆ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಿನ್ನ ಲಿಂಗಕ್ಕೆಂದು ಹೊಸೆದ ಹೊಸ ಶಿವದಾರ ಅವಳ ಮಡಿಲಲ್ಲಿತ್ತು.

"ದಿನವೂ ಪೂಜೆ ತಪ್ಪಿಲ್ಲ, ಅದಕೂ ಮುಂಚೆ ಊಟ ಒಪ್ಪಿಲ್ಲ" ಎಂದು ಓದಿಬಿಟ್ಟೆ.

ಅಕ್ಕ ನಗಲಿಲ್ಲ. "ನನ್ ಮಗ ಯಾವತ್ತೂ ಪ್ರಾಸ ಕಟ್ದೋನಲ್ಲ. ಅದು ನಿನ್ ಚಾಳಿ ಕಣೋ. ಲಿಂಗ ತೆಗ್ದವ್ನಾ?"

ನಲವತ್ತೈದರ ಮೇಷ್ಟ್ರು, ಕಾಪಿ ಹೊಡೆದು ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದೆ. ನಿನ್ನನ್ನು ಕಳಿಸಲು ಅವಳನ್ನು ಒಪ್ಪಿಸಿದವನೂ ನಾನೇ.

ಅವಳು ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ನಂಗೆ ಗೊತ್ತಾಯ್ತು ಅಂತ ಬರೀಬ್ಯಾಡ ಕಣೋ. ನಾಚ್ಕೊಂಡು ಊರಿಗೇ ಬರ್ದೆ ಇದ್ದಾನು" ಎಂದು ಹೇಳಿ ದಾರವನ್ನು ನನ್ನ ಕೈಗಿಟ್ಟಳು.

ಆದ್ದರಿಂದ ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಕಳಿಸುವ ಕಾಗದದಲ್ಲಿ ದಾರವಿರುತ್ತದೆ, ಅವ್ವ ಚೆನ್ನಾಗಿದ್ದಾಳೆ ಎಂಬ ಒಂದು ಸಾಲಿರುತ್ತದೆ. ಅದನ್ನಾದರೂ ಪ್ರಾಸವಿಲ್ಲದೆ ಬರೆಯಬೇಕು.

ನಿನ್ನ ಮಾವ