ಗುಡ್ಡದ ಮೇಲಿನ ಕಲ್ಲುಗುಪ್ಪೆ

ಅಪ್ಪಾ,

ವಯೋಮಿಂಗಿನ ನಕ್ಷೆ ಬರೆಯುವವರು ಇವತ್ತು ನಮ್ಮ ಗುಡ್ಡಕ್ಕೂ ಬಂದಿದ್ದರು. ನೀನು ಕುರಿ ಕಾಯುತ್ತಾ ಪೇರಿಸಿದ ಕಲ್ಲುಗುಪ್ಪೆಯನ್ನು ಕೆಡವಿಬಿಡುತ್ತಾರೆಂದು ಹೆದರಿ ಏದುಸಿರು ಬಿಡುತ್ತಾ ಹತ್ತಿದೆ.

"ಒಂದು ಕಲ್ಲು ಅಲ್ಲಾಡಿದ್ರೂ ನಿಮ್ಮ ದುರ್ಬೀನು ಹೊಳೆ ಪಾಲು!" ಎಂದು ಕೂಗಾಡಿದೆ.

ಅವರ ಮುಖ್ಯಸ್ಥ ಹಾಲ್ವರ್ ನಕ್ಕುಬಿಟ್ಟ. "ಕೆಡವೋದಾ? ಸುತ್ತ ಒಂದು ಮರಾನೂ ಇಲ್ಲ ಕಣಮ್ಮ. ದೂರದಿಂದ ಇದನ್ನೇ ಗುರಿ ಇಟ್ಕೊಂಡು ಅಳೀತಾ ಬಂದಿದ್ದೀವಿ. ನಕ್ಷೇಲೂ ಹಾಕ್ತೀವಿ. ಯಾರು ಕಟ್ಟಿದ್ದು?"

"ನಮ್ಮಪ್ಪ," ಎಂದೆ. ಹೋದ ಜೀವ ಬಂದಂತಾಯಿತು.

ನಾನು ಆ ಗುಡ್ಡ ಹತ್ತಿದ್ದು ಇದೇ ಮೊದಲು. ನೀನು ಕೂತೂ ಕೂತೂ ಒಂದು ಕಲ್ಲು ನುಣ್ಣಗಾಗಿದೆ. ಅದರ ಮೇಲೆ ಕೂತೆ. ಅಲ್ಲಿಂದ ನೇರವಾಗಿ ಕಾಣುವುದು ನಮ್ಮ ಅಡುಗೆಮನೆಯ ಕಿಟಕಿ.